ಯೂರಿಕ್ ಆಸಿಡ್‌ಗೆ ಮಾತ್ರೆಯೋ, ಅಮೃತಬಳ್ಳಿಯೋ, ಎರಡೂ ಒಟ್ಟಿಗೋ?

ಹೆಬ್ಬೆರಳ ಬುಡ ಕೆಂಪಗೆ ಊದಿಕೊಂಡು, ಹೊದ್ದ ಕಂಬಳಿ ತಾಗಿದರೂ ಜೀವ ಹೋಗುವಂಥ ನೋವು (ಡಾಕ್ಟರ ಭಾಷೆಯಲ್ಲಿ ಗೌಟ್) ಬಂದಾಗ ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ಎರಡು ಸಲಹೆ ಒಟ್ಟಿಗೇ ಬರುತ್ತವೆ. ಡಾಕ್ಟರು ಯೂರಿಕ್ ಆಸಿಡ್ ಇಳಿಸುವ ಅಲೋಪ್ಯುರಿನಾಲ್ ಮಾತ್ರೆ ಬರೆಯುತ್ತಾರೆ, ಮನೆಯಲ್ಲಿ ಅಮೃತಬಳ್ಳಿ ಕಷಾಯ ಕುದಿಯುತ್ತದೆ. ಎರಡನ್ನೂ ಅಳೆಯಬೇಕಾದ್ದು ಒಂದೇ ಕೋಲಿನಿಂದ: ರಕ್ತದಲ್ಲಿ ಯೂರಿಕ್ ಆಸಿಡ್ ಡೆಸಿಲೀಟರಿಗೆ 6 ಮಿ.ಗ್ರಾಂ.ಗಿಂತ ಕೆಳಗಿಳಿದು ಅಲ್ಲೇ ನಿಂತಿತೇ? 6.8ರ ಮೇಲೆ ಅದು ಕೀಲಿನಲ್ಲಿ ಹರಳು ಕಟ್ಟಬಹುದು, ನೋವಿಗೆ ಆ ಹರಳೇ ಮೂಲ. ನೋವು ಹೋಯಿತು ಅನ್ನುವುದು ಲೆಕ್ಕಕ್ಕಿಲ್ಲ. ಏನೂ ಮಾಡದಿದ್ದರೂ ಆ ಬಾವು ಒಂದೆರಡು ವಾರದಲ್ಲಿ ತಾನೇ ಇಳಿಯುತ್ತದೆ, ಹೆಸರು ಮಾತ್ರ ಕಡೆಗೆ ಕುಡಿದ ಕಷಾಯಕ್ಕೆ. ನೋವಿದ್ದಾಗಲೇ ರಕ್ತ ಕೊಟ್ಟರೆ ಅಂಕಿ ಸುಳ್ಳೇ ಕಮ್ಮಿ ಬರುವುದೂ ಉಂಟು. ಬಾವು ಇಳಿದು ಎರಡು ವಾರ ಬಿಟ್ಟು ಕೊಡಿ.

ಅಂಕಿ ಇಳಿಸುವುದರಲ್ಲಿ ಮಾತ್ರೆಗೆ ಸಾಟಿಯಿಲ್ಲ. ಅಲೋಪ್ಯುರಿನಾಲ್ ದಿನಕ್ಕೆ 100 ಮಿ.ಗ್ರಾಂ.ನಿಂದ ಶುರು, ಕಿಡ್ನಿ ಸೋತಿದ್ದರೆ 50ರಿಂದ. ಕೆಲವು ವಾರಕ್ಕೊಮ್ಮೆ ರಕ್ತ ನೋಡಿ ಡಾಕ್ಟರು 100 ಏರಿಸುತ್ತಾ ಹೋಗುತ್ತಾರೆ. ಊಟದ ಮೇಲೆ, ಎರಡು ಲೋಟ ನೀರಿನ ಜೊತೆ ನುಂಗಬೇಕು. ಬಹಳ ಜನ ಕೈಬಿಡುವುದು ಮೊದಲ ಮೂರು ತಿಂಗಳಲ್ಲೇ. ಹಳೇ ಹರಳು ಕರಗತೊಡಗಿದಾಗ ನೋವು ಮತ್ತೆ ಕೆರಳುತ್ತದೆ, ‘ಮಾತ್ರೆ ಆಗಿಬರಲಿಲ್ಲ’ ಅಂತ ನಿಲ್ಲಿಸಿಬಿಡುತ್ತಾರೆ. ಅದಕ್ಕೇ ಮೊದಲ ಮೂರರಿಂದ ಆರು ತಿಂಗಳು ಜೊತೆಗೆ ನೋವು ಕೆರಳದಂತೆ ತಡೆಯುವ ಕೋಲ್ಚಿಸಿನ್ ಮಾತ್ರೆ 0.5 ಮಿ.ಗ್ರಾಂ. ಕೊಡುವುದು. ನಿಜವಾಗಿ ಹೆದರಬೇಕಾದ್ದು ಮೈಮೇಲೆ ದದ್ದಿಗೆ. ಮೊದಲೆರಡು ತಿಂಗಳಲ್ಲಿ ದದ್ದು, ಬಾಯಿಹುಣ್ಣು ಕಂಡರೆ ಅವತ್ತೇ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು.

ಇನ್ನು ಬಳ್ಳಿ. ಚರಕ ಸಂಹಿತೆಯ ವಾತರಕ್ತದ (ಗೌಟ್ ಹೋಲುವ ಕಾಯಿಲೆಯ) ಅಧ್ಯಾಯದ ಕಾಲದಿಂದ ಬಂದದ್ದು. ಹೆಬ್ಬೆರಳ ದಪ್ಪದ ಕಾಂಡ 25 ಗ್ರಾಂ ತಂದು, ಮೇಲಿನ ತೆಳು ಸಿಪ್ಪೆ ಕೆರೆದು ಜಜ್ಜಿ, 400 ಮಿ.ಲೀ. ನೀರಿಗೆ ಹಾಕಿ, ಮುಚ್ಚಳ ತೆಗೆದು ಸಣ್ಣ ಉರಿಯಲ್ಲಿ 50 ಮಿ.ಲೀ.ಗೆ ಇಳಿಸಬೇಕು. ಅವತ್ತಿನದು ಅವತ್ತಿಗೇ. ಎಲೆ ಸವರಿ ನೋಡಿ: ನುಣ್ಣಗಿದ್ದರೆ ಸರಿ, ಮಖಮಲ್ಲಿನಂತೆ ರೋಮವಿದ್ದರೆ ಅದು ಬೇರೆ ಜಾತಿ. ಕಾಂಡದ ತುಂಬ ಗಂಟುಗಂಟು ಗುಳ್ಳೆಯಿದ್ದರೂ ಬೇಡ. ಬೇವಿಗೆ ಹಬ್ಬಿದ್ದೇ ಶ್ರೇಷ್ಠ ಅನ್ನುತ್ತಾರೆ, ಮಲೆನಾಡಲ್ಲಿ ಬೇವು ಹುಡುಕುತ್ತಾ ಕೂತರೆ ಆಯಿತು. ಬೇಲಿಯ ಹಾಲವಾಣಕ್ಕೆ ಹಬ್ಬಿದ್ದು ಸಾಕು. ಆದರೆ ಮಳೆಗಾಲದಲ್ಲಿ ಅಡಿಕೆ ತೋಟದೊಳಗಿನದನ್ನು ಕೊಯ್ಯಬೇಡಿ. ಕೊಳೆರೋಗಕ್ಕೆ ಹೊಡೆದ ಬೋರ್ಡೋ ದ್ರಾವಣ ಎಲೆ, ಕಾಂಡದ ಮೇಲೆಲ್ಲ ನೀಲಿಗಟ್ಟಿರುತ್ತದೆ, ಕಷಾಯದ ಜೊತೆ ಅದರಲ್ಲಿರುವ ಮೈಲುತುತ್ತವೂ ಹೊಟ್ಟೆ ಸೇರುತ್ತದೆ.

ಬರೀ ಕಷಾಯ ನಂಬಿದರೆ? ಮೈ ಹಗುರ ಅನಿಸಬಹುದು. 9ರಲ್ಲಿದ್ದ ಅಂಕಿಯನ್ನು 6ಕ್ಕೆ ತಂದು ನಿಲ್ಲಿಸುವ ಭರವಸೆ ಅದಕ್ಕಿಲ್ಲ.

ಜೋಡಿಸುವವರು ಎಡವುವುದು ಎರಡನ್ನೂ ಒಂದೇ ದಿನ ಶುರು ಮಾಡಿ. ದದ್ದು ಎದ್ದರೆ ಯಾವುದರಿಂದ ಅಂತ ಯಾರು ಹೇಳಬೇಕು? ಮೊದಲು ಮಾತ್ರೆಯೊಂದೇ ನಡೆಯಲಿ. ಅಂಕಿ ಎರಡು ಸಲ 6ರೊಳಗೆ ಬಂದ ಮೇಲೆ, ಡಾಕ್ಟರಿಗೆ ಹೇಳಿಯೇ, ಬಳ್ಳಿ ಸೇರಿಸಿ. ಸೇರಿಸುವ ಮುಂಚೆ ಒಮ್ಮೆ, ತಿಂಗಳ ನಂತರ ಒಮ್ಮೆ ಯೂರಿಕ್ ಆಸಿಡ್, ಕ್ರಿಯಾಟಿನಿನ್ (ಕಿಡ್ನಿಯ ಪರೀಕ್ಷೆ), ಎಸ್‌ಜಿಪಿಟಿ (ಲಿವರ್ ಪರೀಕ್ಷೆ) ಮೂರನ್ನೂ ನೋಡಿಸಿ. ಅಮೃತಬಳ್ಳಿಯಿಂದ ಲಿವರ್‌ಗೆ ಪೆಟ್ಟು ಬಿದ್ದ ಪ್ರಕರಣಗಳನ್ನು 2021ರಲ್ಲಿ ಮುಂಬೈ ವೈದ್ಯರು ವರದಿ ಮಾಡಿದರು; ಬಳ್ಳಿಯೇ ಕಾರಣವೆಂಬುದನ್ನು ಕೇಂದ್ರದ ಆಯುಷ್ ಸಚಿವಾಲಯ ಒಪ್ಪಲಿಲ್ಲ. ಜಗಳ ಅವರದ್ದಿರಲಿ, ಪರೀಕ್ಷೆ ನಮ್ಮದು. ಯೂರಿಕ್ ಆಸಿಡ್ ಇಳಿಸುವ ಇನ್ನೊಂದು ಮಾತ್ರೆ ಫೆಬುಕ್ಸೊಸ್ಟಾಟ್ ನುಂಗುವವರಿಗಂತೂ ಈ ಜೋಡಿ ಬೇಡವೆಂದೇ ನಮ್ಮ ಮಾತು, ಆ ಮಾತ್ರೆಯೂ ಲಿವರ್ ಮೇಲೇ ಭಾರ ಹಾಕುತ್ತದೆ. ಸಕ್ಕರೆ ಕಾಯಿಲೆಯ ಮಾತ್ರೆ ಇದ್ದರೆ ಬಳ್ಳಿ ಸೇರಿದಾಗ ಶುಗರ್ ಕೆಳಗಿಳಿಯಬಹುದು, ಗಮನವಿರಲಿ.

ವಾತರಕ್ತಕ್ಕೆ ಕೊಡುವ ಆಯುರ್ವೇದದ ಗುಳಿಗೆ ಕೈಶೋರ ಗುಗ್ಗುಳು ಇನ್ನೂ ತೊಡಕಿನದು. ಅದರಲ್ಲಿ ಅಮೃತಬಳ್ಳಿ, ತ್ರಿಫಲೆಯ ಜೊತೆ ಭೇದಿ ಮಾಡಿಸುವ ದಂತಿ, ತ್ರಿವೃತ್ ಇವೆ. ಕೋಲ್ಚಿಸಿನ್ ಮೊದಲೇ ಹೊಟ್ಟೆ ಕೆಡಿಸುವ ಮಾತ್ರೆ. ಎರಡೂ ಸೇರಿ ಭೇದಿ ಹತ್ತಿದರೆ ಮೈನೀರು ಬತ್ತಿ ಯೂರಿಕ್ ಆಸಿಡ್ ಏರುತ್ತದೆ, ಇಳಿಸಲು ಹೋಗಿ ಏರಿಸಿದ ಹಾಗೆ. ಕೋಲ್ಚಿಸಿನ್ ಮುಗಿದ ಮೇಲೆ ಬೇಕಾದರೆ ಯೋಚಿಸಿ. ಬಿಪಿ, ಹೃದಯಕ್ಕೆ ಕೊಡುವ ಪ್ರೊಪ್ರನೊಲಾಲ್, ಡಿಲ್ಟಿಯಾಜೆಮ್ ನುಂಗುವವರಿಗೆ ಆಗಲೂ ಬೇಡ, ಗುಗ್ಗುಳು ಆ ಮಾತ್ರೆಗಳನ್ನು ಮೈಗೆ ಸರಿಯಾಗಿ ಹತ್ತಗೊಡುವುದಿಲ್ಲ.

ಜೋಡಿಗೆ ಸೇರಿಸಲೇಬಾರದ್ದೂ ಇವೆ. ಈಶ್ವರಿ ಬೇರು ಕಿಡ್ನಿಯನ್ನೇ ಹಾಳು ಮಾಡುತ್ತದೆ. ಬಿಂಬುಳಿ ರಸವನ್ನು ಲೋಟಗಟ್ಟಲೆ ಕುಡಿದರೆ ಅದರ ಆಕ್ಸಲೇಟ್ ಕಿಡ್ನಿಯಲ್ಲಿ ಕಟ್ಟಿಕೊಳ್ಳುತ್ತದೆ. ಚೀಟಿಯಿಲ್ಲದ ನಾಟಿ ಪುಡಿ ತಿಂದು ರಾತ್ರೋರಾತ್ರಿ ನೋವು ಮಾಯವಾಗಿ, ಕೆಲವು ವಾರದಲ್ಲಿ ಮುಖ ಊದಿಕೊಂಡು ಶುಗರ್ ಏರಿದರೆ ಅದರೊಳಗೆ ಸ್ಟೀರಾಯ್ಡ್ ಬೆರೆತಿದೆ ಎಂದು ಅನುಮಾನಿಸಿ. ಅದನ್ನು ತಟಕ್ಕನೆ ಬಿಡುವುದೂ ಅಪಾಯ, ಪುಡಿಯ ಪೊಟ್ಟಣ ಹಿಡಿದುಕೊಂಡೇ ಡಾಕ್ಟರ ಹತ್ತಿರ ಹೋಗಿ.

ಬಿಪಿಗೆ ಹೈಡ್ರೋಕ್ಲೋರೋಥಯಜೈಡ್ ಇರುವ ಮಾತ್ರೆ ನುಂಗುತ್ತಿದ್ದರೆ ಯೂರಿಕ್ ಆಸಿಡ್ ಏರಲು ಅದೂ ಒಂದು ಕಾರಣ. ಅಲೋಪ್ಯುರಿನಾಲ್ ಡೋಸ್ ಏರಿಸುವ ಮೊದಲು, ಬಳ್ಳಿ ಕೊಯ್ಯುವ ಮೊದಲು, ಆ ಬಿಪಿ ಮಾತ್ರೆಯ ಪಟ್ಟಿಯ (ಸ್ಟ್ರಿಪ್) ಹಿಂಬದಿಯ ಸಣ್ಣಕ್ಷರ ಓದಿ ಡಾಕ್ಟರಿಗೆ ತೋರಿಸಿ. ಬದಲಿಗೆ ಇನ್ನೊಂದು ಬಿಪಿ ಮಾತ್ರೆ ಲೊಸಾರ್ಟಾನ್ ಆಗುತ್ತದೆಯೇ ಅಂತ ಕೇಳಿ, ಅದು ಯೂರಿಕ್ ಆಸಿಡ್ಡನ್ನು ತುಸು ಇಳಿಸುತ್ತದೆ.