ಮೈಸೂರಲ್ಲಿ ಕುದುರೆ ವ್ಯಾನ್ ಬಾಡಿಗೆ ಸರ್ವಿಸ್: ವರ್ಷಗಟ್ಟಲೆ ಬಳಸಿದ ಮೇಲೆ

ಐದಕ್ಕೆ ನಾಲ್ಕು ಸ್ಟಾರ್. ಒಂದು ಕಟ್ ಮಾಡಿದ್ದು ಯಾಕೆ ಅಂತ ಕೆಳಗೆ ಬರೆದಿದ್ದೀನಿ.

ನಮ್ಮ ಲಾಯ ಶ್ರೀರಂಗಪಟ್ಟಣದ ಕಡೆ ತೋಟದಲ್ಲಿದೆ. ರೇಸ್ ಬಿಟ್ಟು ಬಂದ ಒಂದು ಥರೋಬ್ರೆಡ್, ಇನ್ನೊಂದು ಮಾರ್ವಾಡಿ ಹೆಣ್ಗುದುರೆ. "ಕುದುರೆ ಅಂದ್ರೇನೇ ಸವಾರಿ, ಅದಕ್ಕೇ ಒಂದು ಗಾಡಿ ಬೇಕಾ" ಅಂತ ನೆಂಟರೆಲ್ಲ ನಗ್ತಾರೆ. ಹೆಬ್ಬಾಳದ ವೆಟರ್ನರಿ ಕಾಲೇಜಿಗೆ ತೋರಿಸೋಕೋ, ಜಂಪಿಂಗ್ ಶೋಗೋ ಬೆಂಗಳೂರಿಗೆ ಹೋಗಬೇಕಾಗುತ್ತೆ, ಅಷ್ಟು ದೂರ ಡಾಂಬರಿನ ಮೇಲೆ ನಡೆಸಿದ್ರೆ ಲಾಳವೂ ಸವೆಯುತ್ತೆ ಕಾಲೂ ಕೆಡುತ್ತೆ, ಎಕ್ಸ್‌ಪ್ರೆಸ್‌ವೇ ಮೇನ್ ರೋಡಲ್ಲಂತೂ 2023ರ ಆಗಸ್ಟ್‌ನಿಂದ ಬೈಕು ಆಟೋನೇ ಬಿಡಲ್ಲ, ಇನ್ನು ಕುದುರೆ ಎಲ್ಲಿಂದ. ರೇಸ್ ಕುದುರೆಗಳೂ ಸೀಸನ್ ಬಂದಾಗ ಊರಿಂದೂರಿಗೆ ಗಾಡಿಲೇ ಹೋಗೋದು.

ಈಗ ವ್ಯಾನ್ ವಿಷಯ. ಲಾರಿ ಚಾಸಿ ಮೇಲೆ ಕಟ್ಟಿಸಿದ ಬಾಡಿ, ಮೇಲೆ ರೂಫು, ನೆಲಕ್ಕೆ ರಬ್ಬರ್ ಮ್ಯಾಟು, ಪಕ್ಕಕ್ಕೆ ಕುಶನ್ನು. ಫೋಟೋದಲ್ಲಿ ಎಲ್ಲರೂ ಕುಶನ್ನೇ ನೋಡ್ತಾರೆ. ನೋಡಬೇಕಾಗಿರೋದು ಕುದುರೆಗಳ ಮಧ್ಯದ ಪಾರ್ಟಿಷನ್ ಕಣ್ರೀ. ಗಾಡಿ ತಿರುವಲ್ಲಿ ವಾಲಿದಾಗ ಕುದುರೆ ಕಾಲು ಅಗಲಿಸಿ ನಿಲ್ಲೋಕೆ ಜಾಗ ಬೇಕು, ಇಕ್ಕಟ್ಟು ಮಾಡಿದ್ರೆ ಬೀಳಲ್ಲ ಅಂದ್ಕೊಂಡಿರ್ತಾರೆ, ಆದ್ರೆ ಇಕ್ಕಟ್ಟಿದ್ರೇನೇ ಅದಕ್ಕೆ ಬ್ಯಾಲೆನ್ಸ್ ಸಿಗದೆ ಒದ್ದಾಡೋದು. ಇವರ ವ್ಯಾನಲ್ಲಿ ಎರಡೇ ಕುದುರೆ ಹಾಕ್ತಾರೆ, ಇನ್ನೊಂದು ತುರುಕೋಣ ಅನ್ನೋ ಮಾತೇ ಇಲ್ಲ.

ಇನ್ನೊಂದು, ಹಗ್ಗ. ತಲೆ ಎತ್ತಿ ಬಿಗಿಯಾಗಿ ಕಟ್ಟಿದ್ರೆ ಕುದುರೆ ಬಗ್ಗಿ ಮೂಗು ಸೀನಿ ಕಫ ಹೊರಗೆ ಹಾಕೋಕಾಗಲ್ಲ, ಧೂಳು ಲೋಳೆ ಎಲ್ಲ ಶ್ವಾಸಕೋಶಕ್ಕೆ ಇಳಿಯುತ್ತೆ. ಶಿಪ್ಪಿಂಗ್ ಫೀವರ್ ಅಂತಾರಲ್ಲ, ದೂರ ಪ್ರಯಾಣದಿಂದ ಬರೋ ಶ್ವಾಸಕೋಶದ ಕಾಯಿಲೆ, ಹೆಚ್ಚಾಗಿ ಶುರುವಾಗೋದೇ ಹೀಗೆ. ದೂರದ ದಾರಿ ಆದ್ರೆ ಮೂರ್ನಾಲ್ಕು ಗಂಟೆಗೊಮ್ಮೆ ನಿಲ್ಲಿಸಿ ಹಗ್ಗ ಸಡಿಲ ಬಿಟ್ಟು ನೀರು ಕುಡಿಸ್ತಾರೆ, ನಾವು ಹೇಳೋ ಮುಂಚೆನೇ. ನೀರು ಕಮ್ಮಿ ಆದ್ರೆ ಹೊಟ್ಟೆ ಶೂಲೆ, ಕುದುರೆಗೆ ವಾಂತಿ ಮಾಡೋಕೂ ಬರಲ್ಲ ಪಾಪ.

ಇವರ ಸೈಸ್ (ಕುದುರೆ ನೋಡ್ಕೊಳ್ಳೋ) ಅಣ್ಣನ ಬಗ್ಗೆ ಎಷ್ಟು ಬರೆದ್ರೂ ಸಾಲದು. ನಮ್ಮ ಹೆಣ್ಗುದುರೆ ರ‍್ಯಾಂಪ್ ಕಂಡ್ರೆ ನಾಲ್ಕು ಕಾಲೂ ನೆಲಕ್ಕೆ ಊರಿಬಿಡ್ತಾಳೆ. ಅವರು ಕೋಲು ಮುಟ್ಟಲ್ಲ. ತೋಟದ ಬದು ಎತ್ತರ ಇರೋ ಕಡೆಗೆ ವ್ಯಾನ್ ರಿವರ್ಸ್ ಹಾಕಿಸಿ ರ‍್ಯಾಂಪ್ ಇಳಿಜಾರು ಕಮ್ಮಿ ಮಾಡ್ತಾರೆ, ಹಲಗೆ ಢಣಢಣ ಅನ್ನದ ಹಾಗೆ ಮೇಲೆ ತೆಂಗಿನ ನಾರಿನ ಚಾಪೆ ಹಾಸ್ತಾರೆ, ಕುದುರೆ ಮಸಾಲೆ ಸೊಪ್ಪು (ಲೂಸರ್ನ್ ಮೇವು) ಒಂದು ಹಿಡಿ ಕೈಲಿ ಹಿಡ್ಕೊಂಡು ಅವಳ ಮುಖ ನೋಡದೆ ಮುಂದೆ ಹೋಗಿ ಸುಮ್ನೆ ನಿಲ್ತಾರೆ. "ಬಾ ಮಗಳೇ, ಅರ್ಜೆಂಟ್ ಏನಿಲ್ಲ" ಅಂತಾರೆ ಅಷ್ಟೆ. ಒಂದು ಕಾಲು ಇಡ್ತಾಳೆ, ತೆಗೀತಾಳೆ, ಮತ್ತೆ ಇಡ್ತಾಳೆ, ಆಮೇಲೆ ಹತ್ತೇ ಬಿಡ್ತಾಳೆ. ಡ್ರೈವರೂ ಹಾಗೇ, ದಿಢೀರ್ ಬ್ರೇಕ್ ಇಲ್ಲ. ಬೇಸಿಗೆಲಿ ಬೆಳಗಿನ ಜಾವವೇ ಹೊರಡಿಸ್ತಾರೆ, ಬಿಸಿಲಲ್ಲಿ ಟ್ರಾಫಿಕ್‌ಗೆ ಸಿಕ್ಕಿ ನಿಂತ ವ್ಯಾನ್ ಒಳಗಿನ ಸೆಕೆ ಕೇಳಲೇಬೇಡಿ. ಊಟಿ ಕಡೆ ಆದ್ರೆ ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಗಾಡಿ ಬಿಡಲ್ಲ, ಆ ಲೆಕ್ಕನೂ ಅವರೇ ಹಾಕ್ತಾರೆ.

ಪೇಪರ್: ಪಶುವೈದ್ಯರ ಹೆಲ್ತ್ ಸರ್ಟಿಫಿಕೇಟ್ ಇಲ್ಲದೆ ಹತ್ತಿಸಲ್ಲ. ಶೋಗೆ ಹೋಗೋದಾದ್ರೆ ಗ್ಲ್ಯಾಂಡರ್ಸ್ ಟೆಸ್ಟ್ ರಿಪೋರ್ಟೂ ಕೇಳ್ತಾರೆ. ಅದು ಮನುಷ್ಯರಿಗೂ ಅಂಟೋ ರೋಗ, ಕಿರಿಕಿರಿ ಅನ್ಕೋಬೇಡಿ.

ಸ್ಟಾರ್ ಕಟ್ ಆಗಿದ್ದು ಕ್ಲೀನಿಂಗ್‌ಗೆ. ಹಿಂದಿನ ಟ್ರಿಪ್‌ನ ಗಂಜಲ ಮ್ಯಾಟ್ ಅಡಿಲಿ ಹಾಗೇ ಇತ್ತು, ಬಾಗಿಲು ತೆಗೆದ್ರೆ ಕಣ್ಣು ಉರಿ. ಗ್ಲ್ಯಾಂಡರ್ಸ್ ರಿಪೋರ್ಟ್ ಕೇಳೋರು ವ್ಯಾನ್ ತೊಳೀಬೇಡ್ವಾ? ಹೇಳಿದ ಮೇಲೆ ಫಿನಾಯಿಲ್ ಹಾಕಿ ತೊಳೆದ್ರು, ಮುಂದಿನ ಸಲ ಮತ್ತೆ ಅದೇ ಕಥೆ. ದಸರಾ ಟೈಮಲ್ಲಂತೂ ಬುಕ್ ಮಾಡಿದ ವ್ಯಾನ್ ಬಿಟ್ಟು ಮೇಲೆ ಟಾರ್ಪಾಲ್ ಕಟ್ಟಿದ ಓಪನ್ ಗಾಡಿ ಕಳಿಸಿದ್ರು, ಆ ಟಾರ್ಪಾಲ್ ಪಟಪಟ ಅನ್ನೋದಕ್ಕೆ ಥರೋಬ್ರೆಡ್ ಬೆವೆತು ಹೋಯ್ತು, ಅಲ್ಲೇ ವಾಪಸ್ ಕಳಿಸ್ದೆ.

ಬಾಡಿಗೆ ಕಿಲೋಮೀಟರ್ ಲೆಕ್ಕ, ಖಾಲಿ ವಾಪಸ್ ಬರೋದಕ್ಕೂ ನಾವೇ ಕೊಡಬೇಕು. ಆ ಕಡೆಯಿಂದ ಮೈಸೂರಿಗೆ ಬರೋ ಕುದುರೆ ಇದ್ಯಾ ಅಂತ ಮೊದಲೇ ಕೇಳಿ, ಇದ್ರೆ ಚೌಕಾಸಿಗೆ ಜಾಗ ಸಿಗುತ್ತೆ. ಅಡ್ವಾನ್ಸ್ ಹಾಕೋ ಮುಂಚೆ ಯಾವ ಗಾಡಿ ಬರುತ್ತೆ ಅಂತ ನಂಬರ್ ಸಮೇತ ವಾಟ್ಸಪ್‌ನಲ್ಲಿ ಹಾಕಿಸ್ಕೊಳ್ಳಿ.