ಒಂದು ಡಬ್ಬಿ, ನಾಲ್ಕು ಕೈಪಿಡಿ, ಜೊತೆಗೆ ಅತ್ತೆ

ಕಳೆದ ಮಳೆಗಾಲದಲ್ಲಿ ಒಂದು ದಿನ ಮಗಳು ಶಾಲೆಯಲ್ಲೇ ವಾಂತಿ ಮಾಡಿಕೊಂಡು ಮನೆಗೆ ಬಂದಳು. ಅವತ್ತು ಅವಳು ತಿಂದದ್ದು ಬೀದಿಯ ವಡಾಪಾವ್ ಅಲ್ಲ, ಪೊಟ್ಟಣದ ಕುರುಕಲೂ ಅಲ್ಲ. ನಾನೇ ಕೈಯಾರೆ ಕಲಸಿ ಕೊಟ್ಟ ಚಿತ್ರಾನ್ನ. ಹಿಂದಿನ ರಾತ್ರಿಯ ಅನ್ನ ಅಡುಗೆಕಟ್ಟೆಯ ಮೇಲೆಯೇ ಉಳಿದಿತ್ತು. ಬೆಳಿಗ್ಗೆ ಅದಕ್ಕೆ ಒಗ್ಗರಣೆ ಕೊಟ್ಟು, ನಿಂಬೆಹಣ್ಣು ಹಿಂಡಿ, ಆರೂ ಮುಕ್ಕಾಲಿಗೆ ಡಬ್ಬಿಯ ಮುಚ್ಚಳ ಹಾಕಿದ್ದೆ. ಅನ್ನದಿಂದಲೇ ಹೀಗಾಯಿತೆಂದು ಯಾರೂ ಪರೀಕ್ಷೆ ಮಾಡಿ ಹೇಳಲಿಲ್ಲ. ಆದರೆ ನನ್ನ ಅನುಮಾನ ಅದರ ಮೇಲೆಯೇ. ಎರಡು ದಿನದಲ್ಲಿ ಮಗು ಸರಿಹೋಯಿತು. ಸರಿಹೋಗದೆ ಉಳಿದವಳು ನಾನು.

ಮುಲುಂಡಿನ ನಮ್ಮ ಮನೆಯಲ್ಲಿ ಐದು ಜನ: ನಾನು, ನನ್ನವರು, ಉಡುಪಿ ಕಡೆಯಿಂದ ಬಂದು ನಲವತ್ತು ವರ್ಷ ಮುಂಬೈ ನೀರು ಕುಡಿದಿರುವ ಅತ್ತೆ, ಎಂಟು ವರ್ಷದ ಮಗಳು, ಮೂರು ವರ್ಷದ ಮಗ. ಮಕ್ಕಳ ಊಟದ ಬಗ್ಗೆ ನಂಬಬಹುದಾದದ್ದನ್ನು ಹುಡುಕಿ ಓದಿ, ಒಂದೊಂದನ್ನೂ ನಾಲ್ಕೈದು ವಾರ ಅಡುಗೆಮನೆಯಲ್ಲಿ ಬಳಸಿ ನೋಡಿದೆ. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು ಶಾಲಾ ಮಕ್ಕಳಿಗಾಗಿ ಹೊರತಂದ ಯೆಲ್ಲೋ ಬುಕ್, ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯ 2024ರ ಆಹಾರ ಮಾರ್ಗಸೂಚಿ, ಜಿನೀವಾದ ವಿಶ್ವ ಆರೋಗ್ಯ ಸಂಸ್ಥೆಯ ಐದು ಸೂತ್ರಗಳ ಹಾಳೆ, ಮತ್ತು ತಿಂಗಳಿಗೆ ದುಡ್ಡು ಕೇಳುವ ಒಂದು ಮೊಬೈಲ್ ಆ್ಯಪ್. ಮೊದಲ ಮೂರಕ್ಕೆ ಬಿಡಿಗಾಸೂ ಖರ್ಚಿಲ್ಲ. ಬೆಳಿಗ್ಗೆ ಆರೂವರೆಗೆ ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ಡಬ್ಬಿಯ ಮುಚ್ಚಳ ಹಿಡಿದು ನಿಂತವಳಿಗೆ ಇವು ಏನಾದರೂ ಹೇಳುತ್ತವೆಯೇ ಎಂಬುದಷ್ಟೇ ನನ್ನ ಅಳತೆಗೋಲು.

ಆ್ಯಪನ್ನು ಮೊದಲೇ ಮುಗಿಸಿಬಿಡುತ್ತೇನೆ. ಪೊಟ್ಟಣದ ಮೇಲಿನ ಗೆರೆಗಳಿಗೆ ಫೋನ್ ಹಿಡಿದರೆ ಹಸಿರು, ಹಳದಿ, ಕೆಂಪು ಎಂದು ಅಂಕ ಕೊಡುತ್ತದೆ. ಮಗಳಿಗೆ ಅದು ಆಟವಾಯಿತು. ತುಪ್ಪಕ್ಕೆ ಕೆಂಪು, ಸಕ್ಕರೆಯಿಲ್ಲ ಎಂದು ಬರೆದುಕೊಂಡ ಮೈದಾ ಬಿಸ್ಕತ್ತಿಗೆ ಹಸಿರು ಬಂದಾಗಲೇ ನಾನು ಹುಬ್ಬೇರಿಸಿದ್ದೆ. ಪತ್ರೊಡೆ, ಬಸಳೆ ಸಾಂಬಾರು, ನೀರುದೋಸೆ ಯಾವುದೂ ಅದಕ್ಕೆ ಗೊತ್ತಿಲ್ಲ. ನಮ್ಮ ಮನೆಯ ಮುಕ್ಕಾಲು ಪಾಲು ಊಟ ಅದರ ಲೆಕ್ಕಕ್ಕೇ ಬರುವುದಿಲ್ಲ. ಒಂದು ದಿನ ಅದು ಐಎನ್‌ಎಸ್ 330 ಎಂಬ, ಆಹಾರಕ್ಕೆ ಬೆರೆಸುವ ಪದಾರ್ಥಗಳ ಅಂತರರಾಷ್ಟ್ರೀಯ ಗುರುತಿನ ಸಂಖ್ಯೆಯೊಂದನ್ನು ಎತ್ತಿ ತೋರಿಸಿ ಮಗಳನ್ನು ಹೆದರಿಸಿತು. 330 ಎಂದರೆ ಸಿಟ್ರಿಕ್ ಆಮ್ಲ, ನಿಂಬೆಹಣ್ಣಿನಲ್ಲಿ ಇರುವುದೇ ಅದು. ಐಎನ್‌ಎಸ್ 300 ಎಂದರೆ ವಿಟಮಿನ್ ಸಿ. ಸಂಖ್ಯೆ ಕಂಡ ತಕ್ಷಣ ವಿಷ ಎಂದು ಕೂಗುವ ವಾಟ್ಸ್ಆ್ಯಪ್ ವಿಡಿಯೊಗಳಿಗೂ ಇದಕ್ಕೂ ಹೆಚ್ಚು ದೂರವಿಲ್ಲ.

ಇಷ್ಟಾಗಿದ್ದರೆ ಸಹಿಸಿಕೊಳ್ಳುತ್ತಿದ್ದೆನೇನೋ. ಮಗಳು ಶಾಲೆಯಲ್ಲಿ ಗೆಳತಿಯ ಡಬ್ಬಿಯಲ್ಲಿದ್ದ ನೂಡಲ್ಸ್ ನೋಡಿ ‘ನಿನ್ನದು ಕೆಂಪು’ ಎಂದಳಂತೆ. ಆ ಹುಡುಗಿ ಅತ್ತು, ಅವಳ ತಾಯಿ ನನಗೆ ಫೋನ್ ಮಾಡಿ, ನಾನು ಕ್ಷಮೆ ಕೇಳಿ, ಅದೇ ಸಂಜೆ ಆ್ಯಪ್ ಫೋನಿನಿಂದ ಹೊರಬಿತ್ತು. ಪಾಪ, ಬೆಳಿಗ್ಗೆ ಏಳಕ್ಕೆ ಲೋಕಲ್ ಹಿಡಿಯುವ ತಾಯಿ ಕೊಟ್ಟ ನೂಡಲ್ಸಿಗೆ ಬಣ್ಣ ಹಚ್ಚಲು ನಾವು ಯಾರು? ಅದರಿಂದ ನನಗೆ ದಕ್ಕಿದ್ದು ಒಂದೇ: ಪೊಟ್ಟಣದ ಹಿಂಬದಿಯನ್ನು ತಿರುಗಿಸಿ ನೋಡುವ ಅಭ್ಯಾಸ. ಯಾವ ಪದಾರ್ಥದ ತೂಕ ಹೆಚ್ಚೋ ಅದು ಪಟ್ಟಿಯಲ್ಲಿ ಮೊದಲು ಬರಬೇಕೆಂಬುದು ನಮ್ಮ ದೇಶದ ನಿಯಮ. ಹಾಲಿಗೆ ಬೆರೆಸುವ ಪುಡಿಯ ಡಬ್ಬದಲ್ಲಿ ಸಕ್ಕರೆ ಎಷ್ಟನೆಯದು ಎಂದು ನೋಡಲು ಆ್ಯಪ್ ಬೇಡ, ಕನ್ನಡಕ ಸಾಕು.

ಯೆಲ್ಲೋ ಬುಕ್ ಇದಕ್ಕೆ ಪೂರಾ ಉಲ್ಟಾ. ಯಾರನ್ನೂ ಬೈಯುವುದಿಲ್ಲ, ಹೆದರಿಸುವುದಿಲ್ಲ. ಚಿಕ್ಕ ಮಕ್ಕಳಿಗೆ ಒಂದು, ದೊಡ್ಡ ಮಕ್ಕಳಿಗೆ ಇನ್ನೊಂದು ಹಂತ. ಮಾಸ್ಟರ್ ಸೇಹತ್, ಮಿಸ್ ಸೇಹತ್ ಎಂಬ ಎರಡು ಬೊಂಬೆಗಳು ಮಾತನಾಡಿಸುತ್ತಾ ಹೋಗುತ್ತವೆ. ಕೈ ತೊಳೆಯುವುದು, ತಟ್ಟೆಯಲ್ಲಿ ಬಣ್ಣಬಣ್ಣದ ಪದಾರ್ಥ, ಪೊಟ್ಟಣದ ಚೀಟಿ ಓದುವುದು, ಹೀಗೆ. ನಾನು ಇಳಿಸಿಕೊಂಡದ್ದು ಇಂಗ್ಲಿಷ್ ಪ್ರತಿ. ಮಗಳು ಅದನ್ನು ಅಜ್ಜಿಗೆ ಕನ್ನಡದಲ್ಲಿ ಹೇಳುತ್ತಾ, ಪದ ಸಿಗದಿದ್ದಲ್ಲಿ ಮರಾಠಿ ತುರುಕುತ್ತಾ, ತಾನೇ ಟೀಚರಾದಳು. ನನ್ನ ಮಟ್ಟಿಗೆ ಆ ಪುಸ್ತಕದ ದೊಡ್ಡ ಲಾಭ ಅದೇ. ನಾನು ಹೇಳಿದರೆ ಉಪದೇಶ, ಅವಳು ಅಜ್ಜಿಗೆ ಹೇಳಿದರೆ ಪಾಠ.

ಇದರ ಜೊತೆಗೆ ಅದೇ ಪ್ರಾಧಿಕಾರದ ಕಲಬೆರಕೆ ಪರೀಕ್ಷೆಯ ಪುಸ್ತಕವನ್ನೂ ನೋಡಿದೆ, ಡಾರ್ಟ್ ಎಂದು ಕರೆಯುತ್ತಾರೆ. ಎರಡು ಭಾನುವಾರ ನಮ್ಮ ಅಡುಗೆಮನೆ ಪ್ರಯೋಗಶಾಲೆಯಾಯಿತು. ಹೆಚ್ಚಿದ ಆಲೂಗಡ್ಡೆಗೆ ಉಪ್ಪು ಸವರಿ ಎರಡು ಹನಿ ನಿಂಬೆರಸ ಬಿಟ್ಟರೆ, ಅಯೋಡಿನ್ ಇರುವ ಉಪ್ಪಾದರೆ ನೀಲಿಯಾಗುತ್ತದೆ. ಆಯಿತು, ಮಕ್ಕಳಿಬ್ಬರೂ ಕುಣಿದರು. ಕರಿಮೆಣಸನ್ನು ನೀರಿಗೆ ಹಾಕಿದರೆ ಮೆಣಸು ಮುಳುಗುತ್ತದೆ, ಪಪ್ಪಾಯಿ ಬೀಜ ಬೆರೆಸಿದ್ದರೆ ಅದು ತೇಲುತ್ತದೆ. ನಮ್ಮದು ಊರಿಂದ ತಂದ ಮೆಣಸು, ಎಲ್ಲವೂ ಮುಳುಗಿತು. ಅತ್ತೆಯ ಮುಖದಲ್ಲಿ ಎಂಥ ಹೆಮ್ಮೆ! ಮಳೆ ಸುರಿಯುವ ಭಾನುವಾರಕ್ಕೆ ಇದಕ್ಕಿಂತ ಒಳ್ಳೆಯ ಆಟ ನಾನು ಕಂಡಿಲ್ಲ. ಆದರೆ ನನ್ನ ಮಗಳಿಗೆ ವಾಂತಿಯಾದದ್ದು ಪಪ್ಪಾಯಿ ಬೀಜದಿಂದ ಅಲ್ಲವಲ್ಲ.

ಯೆಲ್ಲೋ ಬುಕ್ಕಿನ ಹುಮ್ಮಸ್ಸಿನಲ್ಲಿ ಮಗಳಿಗೆ ಇನ್ನೊಂದು ನಿಯಮವನ್ನೂ ಹೇಳಿದೆ. ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿನಿಸುಗಳನ್ನು ಶಾಲೆಯ ಗೇಟಿನಿಂದ 50 ಮೀಟರ್ ಒಳಗೆ ಮಾರಬಾರದೆಂದು 2020ರ ನಿಯಮಾವಳಿ ಹೇಳುತ್ತದೆ. ಅವಳು ಸುಮ್ಮನಿರುತ್ತಾಳೆಯೇ? ಮನೆಯಲ್ಲಿ ತನ್ನ ಹೆಜ್ಜೆ ಅರ್ಧ ಮೀಟರ್ ಎಂದು ಟೇಪಿನಲ್ಲಿ ಅಳೆದುಕೊಂಡು, ಗೇಟಿನಿಂದ ನೂರು ಹೆಜ್ಜೆ ಎಣಿಸಿದಳು. ಮೂವತ್ತೆರಡನೆಯ ಹೆಜ್ಜೆಗೆ ಬಣ್ಣದ ಐಸ್ ಗೋಲಾದ ಗಾಡಿ, ಐವತ್ತಕ್ಕೆ ಪೊಟ್ಟಣಗಳ ತೋರಣ ಕಟ್ಟಿದ ಅಂಗಡಿ. ‘ಅಮ್ಮ, ನಿಯಮಕ್ಕೆ ಹೆಜ್ಜೆ ಎಣಿಸಲು ಬರುವುದಿಲ್ಲವೇ?’ ಎಂದು ಕೇಳಿದಳು. ಉತ್ತರ ನನ್ನ ಬಳಿಯೂ ಇರಲಿಲ್ಲ.

ಹೈದರಾಬಾದಿನ ಮಾರ್ಗಸೂಚಿ ಮಕ್ಕಳ ಕೈಗೆ ಕೊಡುವ ವಸ್ತುವಲ್ಲ. ಹದಿನೇಳು ಸೂತ್ರಗಳು, ಪುಟಗಟ್ಟಲೆ ಕೋಷ್ಟಕಗಳು. ಮೊದಲ ವಾರ ಓದುತ್ತಾ ಎರಡು ಬಾರಿ ನಿದ್ದೆ ಹೋಗಿದ್ದೇನೆ. ಆದರೂ ನಾಲ್ಕರಲ್ಲಿ ನಮ್ಮ ತಟ್ಟೆಯನ್ನು ನಿಜವಾಗಿ ಬದಲಿಸಿದ್ದು ಇದೊಂದೇ. 2000 ಕ್ಯಾಲೊರಿಯ ದಿನಕ್ಕೆ ಹಸಿ ತೂಕದಲ್ಲಿ 250 ಗ್ರಾಂ ಧಾನ್ಯ, 400 ಗ್ರಾಂ ತರಕಾರಿ, 85 ಗ್ರಾಂ ಬೇಳೆಕಾಳು ಎನ್ನುತ್ತದೆ ಅದರ ತಟ್ಟೆ. ಅಂದರೆ ತರಕಾರಿ ಅಕ್ಕಿಗಿಂತ ಹೆಚ್ಚು! ಕರಾವಳಿಯ ತಟ್ಟೆಯಲ್ಲಿ ಅನ್ನದ ಗುಡ್ಡ, ಅದರ ಬುಡದಲ್ಲಿ ಪಲ್ಯದ ಒಂದು ಚಿಟಿಕೆ. ಒಂದು ಶನಿವಾರ ತಕ್ಕಡಿ ಇಟ್ಟು ತೂಗಿದೆ. ದೊಡ್ಡವರು ಮೂವರಿಗೇ ಒಂದು ಕಿಲೋ 200 ಗ್ರಾಂ ತರಕಾರಿ ಬೇಕಿತ್ತು, ನಾನು ಮಾಡಿದ್ದು ಇಡೀ ಮನೆಗೆ ಅರ್ಧ ಕಿಲೋ. ಮಾಟುಂಗಾ ಮಾರುಕಟ್ಟೆಯಿಂದ ಬಸಳೆಯನ್ನೂ ಮಂಗಳೂರು ಸೌತೆಯನ್ನೂ ಹೊತ್ತುಕೊಂಡು ಲೋಕಲ್ ಹತ್ತುವ ನನ್ನವರು ಈಗ ಆ ಪುಸ್ತಕದ ಹೆಸರೆತ್ತಿದರೆ ಮುಖ ತಿರುಗಿಸುತ್ತಾರೆ. 400 ಗ್ರಾಂ ಮುಟ್ಟಿದ್ದೇವೆಯೇ? ಇಲ್ಲ. 250ರ ಸುತ್ತ ಇದ್ದೇವೆ.

ಏಳರಿಂದ ಒಂಬತ್ತು ವರ್ಷದ ಮಗುವಿಗೆ ದಿನಕ್ಕೆ ಸುಮಾರು 1700 ಕ್ಯಾಲೊರಿ, 23 ಗ್ರಾಂ ಪ್ರೋಟೀನ್ ಎಂಬುದು ಅದೇ ಸಂಸ್ಥೆಯ ಇನ್ನೊಂದು ಲೆಕ್ಕ. ಇದನ್ನು ನೋಡಿದ ಮೇಲೆ ಪ್ರೋಟೀನ್ ಪುಡಿಯ ಜಾಹೀರಾತುಗಳು ನನಗೆ ನಗು ತರಿಸುತ್ತವೆ. ಎರಡು ಲೋಟ ಹಾಲು, ಒಂದು ಬಟ್ಟಲು ಹೆಸರುಕಾಳಿನ ಉಸಳಿ, ಮೇಲೆ ಅನ್ನ-ಚಪಾತಿ ಸೇರಿದರೆ ಮುಟ್ಟುವ ಅಂಕಿ ಅದು. ಇನ್ನೊಂದು ಮಾತು ಮನೆಯಲ್ಲಿ ಸಣ್ಣ ಯುದ್ಧವನ್ನೇ ಹುಟ್ಟಿಸಿತು. ಊಟದ ಹಿಂದಿನ ಮತ್ತು ಮುಂದಿನ ಒಂದು ಗಂಟೆ ಚಹಾ-ಕಾಫಿ ಬೇಡ, ಅದರಲ್ಲಿರುವ ಟ್ಯಾನಿನ್ ಕಬ್ಬಿಣಾಂಶ ಮೈಗೆ ಹತ್ತದಂತೆ ಮಾಡುತ್ತದೆ ಎನ್ನುತ್ತದೆ ಮಾರ್ಗಸೂಚಿ. ಅತ್ತೆ ಬೆಳಿಗ್ಗೆ ತಮ್ಮ ಚಹಾದಲ್ಲಿ ಖಾರಿ ಬಿಸ್ಕತ್ತು ಅದ್ದಿ ಮೊಮ್ಮಗನ ಬಾಯಿಗಿಡುವುದು ಮುಂಬೈಯಲ್ಲಿ ಕಲಿತ ಸುಖ. ‘ಒಂದು ತುಂಡು ಖಾರಿಯಿಂದ ಯಾವ ರಕ್ತ ಕಡಿಮೆಯಾಗುತ್ತದೆ ಮಾರಾಯ್ತಿ?’ ಎಂದರು. ಕೊನೆಗೆ ಖಾರಿ ಉಳಿಯಿತು, ಚಹಾದ ಬದಲು ಹಾಲು ಬಂತು. ಮಗನಿಗೆ ಈ ಒಪ್ಪಂದ ಇನ್ನೂ ಸಮ್ಮತವಿಲ್ಲ.

ಇಷ್ಟೆಲ್ಲ ಹೇಳುವ ಆ ತಟ್ಟೆಯ ಚಿತ್ರ, ಮಾಡಿಟ್ಟ ಅಡುಗೆ ಎಷ್ಟು ಹೊತ್ತಿನ ತನಕ ತಿನ್ನಲು ಯೋಗ್ಯ ಎಂದು ಹೇಳುವುದಿಲ್ಲ. ತಟ್ಟೆಗೆ ಗಡಿಯಾರವಿಲ್ಲ. ಗಡಿಯಾರ ಸಿಕ್ಕಿದ್ದು ವಿಶ್ವ ಆರೋಗ್ಯ ಸಂಸ್ಥೆಯ ಹಾಳೆಯಲ್ಲಿ.

2001ರಲ್ಲಿ ಬಂದ ಹಾಳೆ ಅದು. ಸ್ವಚ್ಛವಾಗಿಡಿ, ಹಸಿಯನ್ನೂ ಬೇಯಿಸಿದ್ದನ್ನೂ ಬೇರೆಯಾಗಿಡಿ, ಚೆನ್ನಾಗಿ ಬೇಯಿಸಿ, ಸರಿಯಾದ ಶಾಖದಲ್ಲಿಡಿ, ಶುದ್ಧ ನೀರು ಮತ್ತು ಪದಾರ್ಥ ಬಳಸಿ. ನೋಡಲು ಇಷ್ಟು ಸಪ್ಪೆಯಾದ ಕಾಗದ ಇನ್ನೊಂದಿಲ್ಲ. ಮೊದಲ ಬಾರಿ ನಾನೂ ಪಕ್ಕಕ್ಕಿಟ್ಟಿದ್ದೆ. ನಾಲ್ಕನೆಯ ಸೂತ್ರದ ಕೆಳಗಿನ ಅಂಕಿಗಳಲ್ಲಿ ನನ್ನ ಚಿತ್ರಾನ್ನ ಸಿಕ್ಕಿಬಿದ್ದಿತು: 5 ಡಿಗ್ರಿಯಿಂದ 60 ಡಿಗ್ರಿಯ ನಡುವೆ ಸೂಕ್ಷ್ಮಜೀವಿಗಳು ಹುಲುಸಾಗಿ ಬೆಳೆಯುತ್ತವೆ, ಬೇಯಿಸಿದ್ದನ್ನು ಹೊರಗೆ ಎರಡು ಗಂಟೆಗಿಂತ ಹೆಚ್ಚು ಇಡಬೇಡಿ. ಏಕೆ ಎಂದು ಹುಡುಕುತ್ತಾ ಹೋದಾಗ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಪರಿಚಯವಾಯಿತು. ಅಕ್ಕಿಯಲ್ಲಿರುವ ಅದರ ಬೀಜಕಣಗಳು ಅನ್ನ ಕುದಿಯುವಾಗಲೂ ಬದುಕಿ ಉಳಿಯುತ್ತವೆ. ಅನ್ನ ಹೊರಗೆ ಆರುತ್ತಾ ಕುಳಿತಾಗ ಅವು ಮೊಳೆತು, ಬೆಳೆದು, ವಾಂತಿ ತರಿಸುವ ವಿಷವನ್ನು ಬಿಡುತ್ತವೆ. ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಬೆಳಗಿನ ಒಗ್ಗರಣೆಯಲ್ಲಿ ಎಲ್ಲ ದೋಷವೂ ಸುಟ್ಟುಹೋಗುತ್ತದೆ ಎಂದು ನಾನು ಹದಿನೈದು ವರ್ಷದಿಂದ ನಂಬಿಕೊಂಡಿದ್ದೆ.

ಅತ್ತೆಗೆ ಇದನ್ನು ಹೇಳುವುದು ಸುಲಭವಿರಲಿಲ್ಲ. ‘ನಾವೆಲ್ಲ ತಂಗಳನ್ನ ತಿಂದೇ ಬೆಳೆದವರಲ್ಲವೇ?’ ನಿಜ, ಆದರೆ ಅವರ ತಂಗಳು ನೀರಿನಲ್ಲಿ ಮುಳುಗಿಸಿಟ್ಟು ಹುಳಿ ಬರಿಸಿದ್ದು, ನನ್ನದು ಕುಕ್ಕರಿನಲ್ಲಿ ಸುಮ್ಮನೆ ಉಳಿದದ್ದು. ಎರಡನ್ನೂ ಒಂದೇ ಹೆಸರಿನಿಂದ ಕರೆಯುವುದೇ ತಪ್ಪು. ಆದರೆ ಎರಡನೆಯ ಸೂತ್ರವನ್ನು ಓದಿ ಹೇಳಿದಾಗ ಅವರು ನಕ್ಕುಬಿಟ್ಟರು: ‘ಇದು ಮುಸುರೆಯಲ್ಲವೇ! ಇದನ್ನು ಹೇಳಲು ಜಿನೀವಾಕ್ಕೆ ಹೋಗಬೇಕೇ?’ ಅನ್ನ ಮುಟ್ಟಿದ ಕೈಯನ್ನು ತೊಳೆಯದೆ ಉಪ್ಪಿನಕಾಯಿ ಭರಣಿಗೆ ಹಾಕಬಾರದು ಎಂಬುದನ್ನು ಅವರು ಐದನೇ ವರ್ಷದಲ್ಲೇ ಕಲಿತವರು. ಮಡಿ-ಮುಸುರೆಯ ಇನ್ನೊಂದು ಮುಖವೂ ನನಗೆ ಗೊತ್ತು, ಅದನ್ನು ಮಗಳಿಗೆ ಕಲಿಸುವುದಿಲ್ಲ. ಭರಣಿಯ ಪಾಠವನ್ನು ಮಾತ್ರ ಅಜ್ಜಿಯೇ ಕಲಿಸಲಿ.

ಆಮೇಲೆ ಒಂದು ಥರ್ಮಾಮೀಟರ್ ತಂದೆ, ಅಡುಗೆಗೆ ಚುಚ್ಚಿ ನೋಡುವಂಥದ್ದು. ಫ್ರಿಜ್ಜಿನ ಬಾಗಿಲಲ್ಲಿ ಹಾಲು ಇಡುವ ಜಾಗ 9 ಡಿಗ್ರಿ ತೋರಿಸಿತು. ಹಾಲು ಅಂದೇ ಒಳಗೆ ಹೋಯಿತು. ನಂತರ ಡಬ್ಬಿಯ ಸರದಿ. ಆರೂ ಮುಕ್ಕಾಲಿಗೆ ತುಂಬುವ ಡಬ್ಬಿಯನ್ನು ಮಗಳು ತೆರೆಯುವುದು ಹತ್ತೂಕಾಲಿಗೆ. ರಜೆಯ ದಿನ ಮನೆಯಲ್ಲೇ ಅದೇ ಹೊತ್ತಿಗೆ ಉಪ್ಪಿಟ್ಟು ತುಂಬಿಟ್ಟು ಅಳೆದೆ. 76 ಡಿಗ್ರಿಯ ಉಪ್ಪಿಟ್ಟು ಸ್ಟೀಲ್ ಡಬ್ಬಿಯಲ್ಲಿ ಮೂರೂವರೆ ಗಂಟೆಯ ನಂತರ 37 ಡಿಗ್ರಿ, ನಮ್ಮ ಮೈಯ ಬಿಸಿ. ಬಿಸಿ ಹಿಡಿದಿಡುವ ಎರಡು ಪದರದ ಡಬ್ಬಿಯಲ್ಲಿ 52. ಅದೇ ಡಬ್ಬಿಗೆ ಮೊದಲು ಕುದಿಯುವ ನೀರು ಹಾಕಿ ಐದು ನಿಮಿಷ ಬಿಟ್ಟು, ಚೆಲ್ಲಿ, ಆಮೇಲೆ ತುಂಬಿದಾಗ 58. ಎಷ್ಟು ಒದ್ದಾಡಿದರೂ 60 ಮುಟ್ಟಲಿಲ್ಲ. ಸೂತ್ರವೇನೋ ಸರಿ. ಆದರೆ ಮುಂಬೈಯ ಶಾಲೆಯ ಗಂಟೆಗೂ ಆ ಎರಡು ಗಂಟೆಗೂ ತಾಳೆಯಾಗುವುದಿಲ್ಲ, ಆಗದಿದ್ದಾಗ ಏನು ಮಾಡಬೇಕೆಂದು ಹಾಳೆ ಹೇಳುವುದೂ ಇಲ್ಲ.

ಹಾಗಾಗಿ ಡಬ್ಬಿಯನ್ನು ಬಿಟ್ಟು ಡಬ್ಬಿಯೊಳಗಿನದ್ದನ್ನು ಬದಲಿಸಿದೆ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಹಸಿ ತೆಂಗಿನಕಾಯಿಯ ಚಟ್ನಿ, ಉಳಿದ ಅನ್ನ, ಹೆಚ್ಚಿದ ಹಣ್ಣು ಡಬ್ಬಿಗಿಲ್ಲ. ಅವುಗಳ ಜಾಗಕ್ಕೆ ಚಪಾತಿ-ಚಟ್ನಿಪುಡಿ, ಥಾಲಿಪೀಠ, ಎಣ್ಣೆ ಸವರಿ ಪುಡಿ ಹಚ್ಚಿದ ಇಡ್ಲಿ, ಹುರಿಗಡಲೆ, ಸಿಪ್ಪೆ ಸುಲಿಯದ ಬಾಳೆಹಣ್ಣು ಬಂದವು. ನೀರಿನಂಶ ಕಡಿಮೆಯಾದಷ್ಟೂ ಕೆಡುವುದು ನಿಧಾನ ಎಂಬುದೇ ಇಲ್ಲಿಯ ಲೆಕ್ಕ. ತರಕಾರಿಯನ್ನು ಮನೆಗೆ ಬಂದ ಮೇಲೆ ಮಧ್ಯಾಹ್ನದ ತಟ್ಟೆಯಲ್ಲಿ ತುಂಬಿಸುತ್ತೇನೆ. ಹೈದರಾಬಾದಿನ ತಟ್ಟೆಯನ್ನು ಬೆಳಗಿನ ಡಬ್ಬಿಯಲ್ಲೇ ಹಿಡಿಸಲು ಹೊರಟದ್ದು ಮೊದಲ ತಿಂಗಳ ನನ್ನ ದೊಡ್ಡ ತಪ್ಪು. ತೇವದ ಪಲ್ಯ ಹಾಗೇ ವಾಪಸು ಬರುತ್ತಿತ್ತು, ಹುಳಿ ವಾಸನೆಯೊಂದಿಗೆ.

ಯಾವುದನ್ನು ಇಳಿಸಿಕೊಳ್ಳಲಿ ಎಂದು ಕೆಳಗಿನ ಮಹಡಿಯ ಮರಾಠಿ ಗೆಳತಿ ಕೇಳಿದಾಗ, ಅವಳ ಮಗನಿಗೆ ನಾಲ್ಕೇ ವರ್ಷವಾದ್ದರಿಂದ, ಐದು ಸೂತ್ರಗಳ ಹಾಳೆಯೊಂದೇ ಸಾಕು ಎಂದೆ. ಓದಲು ಬಲ್ಲ ಮಗುವಿದ್ದರೆ ಯೆಲ್ಲೋ ಬುಕ್ ಸೇರಿಸಿಕೊಳ್ಳಬಹುದು. ಹೈದರಾಬಾದಿನದ್ದನ್ನು ಅಡುಗೆ ಮಾಡುವವರು ಓದಬೇಕು, ಅದೂ ಹಸಿವಿಲ್ಲದ ಹೊತ್ತಿನಲ್ಲಿ.

ಅತ್ತೆಗಾಗಿ ಆ ಹಾಳೆಯನ್ನು ಕನ್ನಡದಲ್ಲಿ ದಪ್ಪ ಅಕ್ಷರಗಳಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದ್ದೇನೆ. ಎರಡನೆಯ ಸೂತ್ರದ ಪಕ್ಕದಲ್ಲಿ ಅವರು ಪೆನ್ಸಿಲಿನಲ್ಲಿ ‘ಮುಸುರೆ’ ಎಂದು ಬರೆದಿದ್ದಾರೆ. ಯೆಲ್ಲೋ ಬುಕ್ಕಿನ ಮುದ್ರಿತ ಪ್ರತಿಗೆ ಮಗ ಬಣ್ಣ ಬಳಿದಿದ್ದಾನೆ; ಮಾಸ್ಟರ್ ಸೇಹತ್‌ಗೆ ಈಗ ಹಸಿರು ಮೀಸೆ. ಥರ್ಮಾಮೀಟರನ್ನು ನನ್ನವರು ಬೆಳಗಿನ ಕಾಫಿಗೆ ಚುಚ್ಚಿ ನೋಡುತ್ತಾರೆ. ಹದ ನೋಡಿ ಕುಡಿದರೆ ನಾಲಿಗೆ ಸುಡುವುದಿಲ್ಲವಂತೆ, 7.10ರ ಲೋಕಲ್ಲೂ ತಪ್ಪುವುದಿಲ್ಲವಂತೆ.