ಯೋಗ ಕೇಂದ್ರವೋ, ಭಜನಾ ಮಂದಿರವೋ?

ಕಾಸರಗೋಡಿನ ಕಡೆ ನಿತ್ಯಸಾಧನೆಗೆ ಜೊತೆ ಬೇಕೆಂದರೆ ಮುಖ್ಯವಾಗಿ ಇವೆರಡೇ ದಾರಿ.

ಯೋಗ ಕೇಂದ್ರದಲ್ಲಿ ದೇಹವೇ ಮೊದಲು. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಹೋಗಬೇಕು. ಸಂಜೆ ತರಗತಿಯಾದರೆ ಊಟವಾಗಿ ಮೂರು ನಾಲ್ಕು ಗಂಟೆ ಕಳೆದಿರಬೇಕು. ಹೊಸಬರು ಎಡವುವುದು ಅವಸರದಲ್ಲಿ. ಸೂರ್ಯನಮಸ್ಕಾರದ 12 ಭಂಗಿಗಳಿಗೆ ಉಸಿರು ಹೊಂದುವ ಮೊದಲೇ ಸುತ್ತು ಹೆಚ್ಚಿಸಿ ಸೊಂಟ ಹಿಡಿಸಿಕೊಳ್ಳುತ್ತಾರೆ. ಮೊದಲ ವಾರ ಎರಡು ಮೂರು ಸುತ್ತು ಧಾರಾಳ ಸಾಕು. ರಕ್ತದೊತ್ತಡ ಇರುವವರು ಶೀರ್ಷಾಸನ, ರಭಸದ ಕಪಾಲಭಾತಿ (ಉಸಿರನ್ನು ಜೋರಾಗಿ ಹೊರದಬ್ಬುವ ಅಭ್ಯಾಸ) ಬಿಡಬೇಕು. ಇದನ್ನು ಮೊದಲೇ ವಿಚಾರಿಸದ ಶಿಕ್ಷಕರಿದ್ದರೆ ಬೇರೆ ಕಡೆ ನೋಡಿ. ಜೂನ್ 21ರ ಯೋಗ ದಿನದ ಗದ್ದಲ ಕಂಡು ಮರುಳಾಗಬೇಡಿ, ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆಯಲ್ಲಿ ಎಷ್ಟು ಜನ ಬರುತ್ತಾರೆ ಎಂಬುದೇ ಕೇಂದ್ರದ ಅಳತೆ. (ಆಗ ಚಾಪೆಗೆ ಬೂಷ್ಟು ಹಿಡಿಯುತ್ತದೆ, ಸ್ವಂತದ್ದೇ ಒಯ್ಯಿರಿ.)

ಭಜನಾ ಮಂದಿರದಲ್ಲಿ ಸಾಮಾನ್ಯವಾಗಿ ಶುಲ್ಕವಿಲ್ಲ, ಬದಲಿಗೆ ಕೆಲಸವಿದೆ: ಗುಡಿಸುವುದು, ದೀಪ, ಪ್ರಸಾದ ಹಂಚುವುದು. ಪುರಂದರದಾಸರ, ಕನಕದಾಸರ ಪದಗಳಿಗೆ ತಾಳ ತಪ್ಪಿದರೂ ಯಾರೂ ಎಬ್ಬಿಸುವುದಿಲ್ಲ. ಏಕಾಹ ಭಜನೆಯಲ್ಲಿ ಸೂರ್ಯೋದಯದಿಂದ ಮರುದಿನದ ಸೂರ್ಯೋದಯದವರೆಗೆ ಹಾಡು ನಿಲ್ಲಬಾರದು. ನಡುರಾತ್ರಿಯ ಪಾಳಿಗೆ ಒಪ್ಪಿಕೊಂಡವರು ಬೇಗ ಮನೆಯವರಂತಾಗುತ್ತಾರೆ. ತೊಂದರೆ ಮಂಡಿಯದು. ಚಕ್ಕಳಮಕ್ಕಳ ಗಂಟೆಗಟ್ಟಲೆ ಕೂರಲಾಗದವರು ಗೋಡೆ ಬದಿ ಹಿಡಿಯಲಿ.

ಹಾಡೂ ಬೇಡ, ಆಸನವೂ ಬೇಡ, ನಾಮಜಪ ಸಾಕು ಎನ್ನುವವರಿಗೆ ಕಾಞಂಗಾಡಿನಲ್ಲಿ ಸ್ವಾಮಿ ರಾಮದಾಸರು 1931ರಲ್ಲಿ ಕಟ್ಟಿದ ಆನಂದಾಶ್ರಮವಿದೆ. ಅಲ್ಲಿ ‘ಓಂ ಶ್ರೀರಾಮ ಜಯರಾಮ ಜಯಜಯರಾಮ’ ಎಂಬುದೇ ಸಾಧನೆ.

ಬೆನ್ನುನೋವಿಗೆ ಯೋಗ, ಒಂಟಿತನಕ್ಕೆ ಭಜನೆ. ಬೆಳಗ್ಗೆ ಅದು, ವಾರಕ್ಕೊಂದು ಸಂಜೆ ಇದು ಎಂದರೂ ಅಡ್ಡಿಯಿಲ್ಲ.